ಟಿಕೆಟ್ಟಿದ್ದೂ ಆಸನವಿಲ್ಲದಾಗ

ಹೊನವಾಡದಿಂದ ಹುಬ್ಬಳ್ಳಿ ಅಥವಾ ಬೆಳಗಾವಿಯ ವಿಮಾನ ನಿಲ್ದಾಣ ತಲುಪುವುದೇ ಅರ್ಧ ದಿನದ ಪ್ರಯಾಸ. ಕ್ರಿಸ್ಮಸ್ ಮುನ್ನಾದಿನ ಮಕ್ಕಳ ಮನೆಗೆ ಹೊರಟವರಿಗೆ ಅಲ್ಲಿ ‘ಆಸನಗಳು ಭರ್ತಿಯಾಗಿವೆ’ ಎಂಬ ಉತ್ತರ ದೊರೆತರೆ, ಮನೆಮಂದಿಯೊಡನೆ ನಡುರಾತ್ರಿಯ ಬಲಿಪೂಜೆ ತಪ್ಪಿದಂತೆಯೇ. ಕೆಲವರು ಬಾರರೆಂದೆಣಿಸಿ ವಿಮಾನ ಸಂಸ್ಥೆಗಳು ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರುವುದುಂಟು. ಹಬ್ಬಕ್ಕೆ ಬಾರದವರು ಯಾರು?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2016ರಲ್ಲಿ ಪರಿಷ್ಕರಿಸಿದ ನಿಯಮದಂತೆ, ಸ್ವಇಚ್ಛೆಯಿಂದ ಆಸನ ಬಿಟ್ಟುಕೊಡುವವರನ್ನು ಮೊದಲು ಕೇಳಬೇಕು. ಒಲ್ಲದವರನ್ನು ಕೈಬಿಟ್ಟು, ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನವನ್ನೂ ಒದಗಿಸದಿದ್ದರೆ ಪರಿಹಾರ ಸಲ್ಲಬೇಕು. ಬದಲಿ ವಿಮಾನ 24 ಗಂಟೆಯೊಳಗಿದ್ದರೆ ಮೂಲದರ ಹಾಗೂ ಇಂಧನ ಶುಲ್ಕದ ಇಮ್ಮಡಿ, ಗರಿಷ್ಠ 10,000 ರೂಪಾಯಿ. ಇನ್ನೂ ತಡವಾದರೆ ನಾಲ್ಮಡಿ, ಗರಿಷ್ಠ 20,000. ಬಲಿಪೂಜೆಗೆ ಇದು ಸಾಟಿಯಲ್ಲ, ನಿಜ.

ಆಸನ ನಿರಾಕರಿಸಿದ ಕಾರಣವನ್ನು ಕೌಂಟರಿನಲ್ಲಿಯೇ ಬರಹದಲ್ಲಿ ಕೇಳಿರಿ. ನಿಗದಿತ ಸಮಯಕ್ಕೆ ಹಾಜರಾದವರಿಗಷ್ಟೇ ಈ ಹಕ್ಕು. ದಾರಿಯಲ್ಲಿ ಬಸ್ಸು ತಡವಾದರೆ ನಿಯಮ ನೆರವಿಗೆ ಬಾರದು.