ಆರಾಮ ಇದ್ದೀವಿ ಅಂತ ಮಾತ್ರೆ ಬಿಡಬೇಡಿ

"ಈಗ ಆರಾಮ ಇದ್ದೀನಲ್ಲ, ಇನ್ಯಾಕೆ ಮಾತ್ರೆ?" ಕ್ಯಾಂಪುಗಳಲ್ಲಿ ಈ ಮಾತು ಆಗಾಗ ಕೇಳುತ್ತೇವೆ. ಊರಿಂದ ತಂದ ಬಿಪಿ ಮಾತ್ರೆ ಮುಗಿದ ಮೇಲೆ, ರಜೆ ಸಿಗಲ್ಲ, ದುಡ್ಡು ಖರ್ಚಾಗುತ್ತೆ ಅಂತ ಸುಮ್ಮನಾಗುವವರು ನಮ್ಮಲ್ಲೇ ಇದ್ದೇವೆ. ಆದರೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಎಷ್ಟೋ ಸಲ ನೋವೇ ಕೊಡದೆ ಒಳಗೊಳಗೇ ಕಿಡ್ನಿ, ಕಣ್ಣು, ಹೃದಯವನ್ನು ಹಾಳುಮಾಡುತ್ತವೆ.

ಬಿಪಿ ಮತ್ತೆ ಮತ್ತೆ 140/90 ದಾಟಿದರೆ, ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಸಾಮಾನ್ಯವಾಗಿ ಅವರು ಇನ್ನೊಮ್ಮೆ ಪರೀಕ್ಷಿಸಿಯೇ ಕಾಯಿಲೆ ಖಚಿತಪಡಿಸುತ್ತಾರೆ.

ದುಬೈ, ಅಬುಧಾಬಿ ಎರಡರಲ್ಲೂ ಕಾರ್ಮಿಕರ ಆರೋಗ್ಯ ವಿಮೆಯ ಕಂತನ್ನು ಕಂಪನಿಯೇ ಕಟ್ಟಬೇಕು, ಅದು ಕಾನೂನು. ನಿಮ್ಮ ವಿಮೆ ಯಾವ ಕ್ಲಿನಿಕ್ಕಿನಲ್ಲಿ ನಡೆಯುತ್ತೆ, ನಿಮ್ಮ ಪಾಲು ಎಷ್ಟು ಅಂತ ಮೊದಲೇ ಕೇಳಿಕೊಂಡು, ಎಮಿರೇಟ್ಸ್ ಐಡಿ ಹಿಡಿದು ಹೋಗಿ. ಹಳೇ ಮಾತ್ರೆಯ ಚೀಟಿಯೂ ಜೊತೆಗಿರಲಿ.

ಪಕ್ಕದ ಮಂಚದವರ ಮಾತ್ರೆ ನುಂಗಬೇಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸ್ವಾಧೀನ ತಪ್ಪಿದರೆ, ಎದೆ ಹಿಂಡಿದಂತಾದರೆ ಬೆಳಗಾಗಲಿ ಅಂತ ಕಾಯದೆ 998ಕ್ಕೆ ಫೋನ್ ಮಾಡಿ.

ಮುಂದಿನ ರಜಾದಿನ ಒಮ್ಮೆ ಬಿಪಿ ನೋಡಿಸಿಕೊಳ್ಳಿ. ಮನೆಗೆ ಫೋನ್ ಮಾಡಿದಾಗ ಅದನ್ನೂ ಹೇಳಿ, ಅವರಿಗೂ ನಿದ್ದೆ ಬರಲಿ.