ಎಳೆಯರಿಗೆ ಟೆನಿಸ್: ವಯಸ್ಸಿಗೆ ತಕ್ಕ ಶಿಕ್ಷಣ

ತಂದೆಯ ಪಾದರಕ್ಷೆಯನ್ನು ಮಗುವಿಗೆ ತೊಡಿಸಿ ಓಡೆಂದರೆ ಅದು ಎಡವಿ ಬೀಳುವುದು ಸಹಜ. ತಪ್ಪು ಮಗುವಿನದಲ್ಲ. ಈ ಸರಳ ಸತ್ಯವನ್ನು ಟೆನಿಸ್ ಕಲಿಸುವಾಗ ಹಿರಿಯರು ಬಹುಕಾಲ ಮರೆತಿದ್ದರು.

ಟೆನಿಸ್ ಅಂಕಣದ ಉದ್ದ 23.77 ಮೀಟರ್. ಪ್ರೌಢರ ರ‍್ಯಾಕೆಟ್ಟಿನ ಉದ್ದ ಸಾಮಾನ್ಯವಾಗಿ 27 ಅಂಗುಲ. ಹಳದಿ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ.ವರೆಗೆ ಪುಟಿಯಬೇಕೆಂಬುದು ನಿಯಮ. ಆದರೆ ಆರು ವರ್ಷದ ಮಗುವಿನ ಎತ್ತರವೇ ಸುಮಾರು 115 ಸೆಂ.ಮೀ.! ಚೆಂಡು ಅದರ ತಲೆಯ ಮೇಲೆ ಹಾರಿಹೋಗುತ್ತದೆ. ಹೇಗಾದರೂ ಹೊಡೆಯಬೇಕೆಂದು ಮಗು ಮಣಿಕಟ್ಟನ್ನು ತಿರುಚಿ ರ‍್ಯಾಕೆಟ್ ಹಿಡಿಯುವುದನ್ನು ರೂಢಿಸಿಕೊಳ್ಳುತ್ತದೆ. ಇಲ್ಲವೆ, 'ನನಗೆ ಈ ಆಟ ಬಾರದು' ಎಂದು ರ‍್ಯಾಕೆಟ್ಟನ್ನು ಕೆಳಗಿಟ್ಟು ಹೊರಟುಹೋಗುತ್ತದೆ. ಹೀಗೆ ಹೋದ ಮಗು ಮರಳಿ ಅಂಕಣಕ್ಕೆ ಬರುವುದು ಕಷ್ಟ.

ಈ ನಷ್ಟವನ್ನು ತಪ್ಪಿಸಲು ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟವು 2007ರಲ್ಲಿ ಹೊಸ ಶಿಕ್ಷಣಕ್ರಮವೊಂದನ್ನು ಪ್ರಚಾರಕ್ಕೆ ತಂದಿತು. ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಕೆಂಪು ಚೆಂಡು. ಇದರ ವೇಗ ಹಳದಿ ಚೆಂಡಿಗಿಂತ ಸುಮಾರು ಮುಕ್ಕಾಲು ಪಾಲು ಕಡಿಮೆ. ಐದರಿಂದ ಎಂಟು ವರ್ಷದವರಿಗೆ ಸುಮಾರು 11 ಮೀಟರ್ ಉದ್ದದ ಅಂಕಣ, 80 ಸೆಂ.ಮೀ. ಎತ್ತರದ ಬಲೆ, 17ರಿಂದ 23 ಅಂಗುಲದ ರ‍್ಯಾಕೆಟ್ ಸಾಕು. ಎರಡನೆಯದು ಕಿತ್ತಳೆ ಬಣ್ಣದ ಚೆಂಡು. ವೇಗ ಅರ್ಧದಷ್ಟು, ಅಂಕಣ ಸುಮಾರು 18 ಮೀಟರ್. ಎಂಟರಿಂದ ಹತ್ತು ವರ್ಷದವರಿಗೆ ಇದು ಹಿತಕರ. ಮೂರನೆಯದು ಹಸಿರು ಚೆಂಡು. ಇಲ್ಲಿ ಅಂಕಣ ಪೂರ್ಣ ಅಳತೆಯದು. ವೇಗ ಮಾತ್ರ ಕಾಲು ಭಾಗ ಕಡಿಮೆ. 2012ರಿಂದ, ಹತ್ತು ವರ್ಷ ಹಾಗೂ ಅದಕ್ಕಿಂತ ಕಿರಿಯರ ಸ್ಪರ್ಧೆಗಳಲ್ಲಿ ಹಳದಿ ಚೆಂಡನ್ನು ಬಳಸಬಾರದೆಂದು ಆಟದ ನಿಯಮಾವಳಿಯೇ ವಿಧಿಸಿದೆ.

ನಿಧಾನವಾಗಿ ಬಂದು ಸೊಂಟದ ಮಟ್ಟಕ್ಕೆ ಪುಟಿಯುವ ಚೆಂಡನ್ನು ಮಗು ನೋಡಬಲ್ಲದು, ಸಮೀಪಿಸಬಲ್ಲದು, ಹಿಂದಿರುಗಿಸಬಲ್ಲದು. ಮೊದಲ ದಿನವೇ ಬಲೆಯ ಆಚೆಗೊಮ್ಮೆ ಈಚೆಗೊಮ್ಮೆ ಚೆಂಡು ಹಾರಾಡತೊಡಗಿದರೆ ಅಲ್ಲಿಯೇ ಆಟ ಹುಟ್ಟಿತು. ಹೊಡೆತಗಳ ಹೆಸರು, ಹಿಡಿತದ ಸೂಕ್ಷ್ಮ ಇವೆಲ್ಲ ಅನಂತರ ಬರಲಿ.

ಇದಕ್ಕೆ ದೊಡ್ಡ ವೆಚ್ಚವೂ ಬೇಡ. ಶಾಲೆಯ ಅಂಗಳದಲ್ಲಿ ಸಮತಟ್ಟಾದ ನೆಲವಿದ್ದರೆ ಸುಣ್ಣದಿಂದ ಗೆರೆ ಎಳೆದು, ಎರಡು ಗೂಟಗಳಿಗೆ ಹಗ್ಗ ಕಟ್ಟಿದರೆ ಕೆಂಪು ಚೆಂಡಿನ ಅಂಕಣ ಸಿದ್ಧ. ಮೊದಲು ಮಕ್ಕಳು ಚೆಂಡನ್ನು ಉರುಳಿಸಲಿ, ಎಸೆಯಲಿ, ಒಂದು ಪುಟಿತದ ನಂತರ ಹಿಡಿಯಲಿ. ತಲೆಯ ಮೇಲಿನಿಂದ ಎಸೆಯಬಲ್ಲ ಮಗುವಿಗೆ ಮುಂದೆ ಸರ್ವಿಸ್ ಕಲಿಯುವುದು ಸುಲಭ. ಎರಡರಲ್ಲಿಯೂ ತೋಳಿನ ಚಲನೆ ಬಹುಪಾಲು ಒಂದೇ. ಪಂದ್ಯವನ್ನು 7 ಅಥವಾ 10 ಅಂಕಗಳಿಗೆ ಮುಗಿಸಿದರೆ ಸೋತವನು ಕೊರಗುವ ಮೊದಲೇ ಮತ್ತೊಂದು ಆಟ ಆರಂಭವಾಗುತ್ತದೆ. ಸಾಲಿನಲ್ಲಿ ನಿಂತು ಸರದಿ ಕಾಯುವ ಮಗು ಏನನ್ನೂ ಕಲಿಯುವುದಿಲ್ಲವೆಂಬುದನ್ನು ಶಿಕ್ಷಕರು ಮರೆಯಬಾರದು.

ಪಾಲಕರಲ್ಲಿ ಒಂದು ವಿನಂತಿ. 'ನೆರೆಮನೆಯ ಮಗು ಆಗಲೇ ಹಳದಿ ಚೆಂಡಿನಲ್ಲಿ ಆಡುತ್ತಿದೆ' ಎಂಬ ಹೋಲಿಕೆ ಬೇಡ. ಒಂದು ಮೆಟ್ಟಿಲಿನಲ್ಲಿ ಕಾಲು ಗಟ್ಟಿಯಾಗಿ ಊರಿದ ಮೇಲೆಯೇ ಮುಂದಿನದಕ್ಕೆ ಏರಿಸಬೇಕು. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣನವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದದ್ದು 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ. ಈ ಆಟದ ದಾರಿ ಅಷ್ಟು ದೀರ್ಘವಾದುದು. ಆರನೆಯ ವಯಸ್ಸಿನಲ್ಲಿ ಅವಸರವೇಕೆ?

ಎಲ್ಲ ಮಕ್ಕಳೂ ಪ್ರಶಸ್ತಿ ಗೆಲ್ಲಲಾರರು. ಆದರೆ ಸಂಜೆ ಗಂಟೆ ಬಾರಿಸಿದಾಗ 'ಇನ್ನೊಂದು ಆಟ' ಎಂದು ಕೇಳುವ ಮಗು ಆಟವನ್ನು ಒಲಿಸಿಕೊಂಡಿದೆ. ಆ ಒಲವನ್ನು ಕಾಪಾಡುವುದೇ ಶಿಕ್ಷಕನ ಮೊದಲ ಕರ್ತವ್ಯ.