ಚಪ್ಪಾಳೆ ಬೇರೆ, ಗಿರಾಕಿ ಬೇರೆ

ನೋಡಿ, 1954ರ ಜನವರಿ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಪ್ರದರ್ಶನ. ಅಲ್ಲೊಂದು ವಿಚಿತ್ರ ಕಾರು ನಿಂತಿತ್ತು. ಮುಂದಿನಿಂದ ನೋಡಿದ್ರೆ ಕಾರ್ವೆಟ್ ಸ್ಪೋರ್ಟ್ಸ್ ಕಾರು, ಹಿಂದಿನಿಂದ ನೋಡಿದ್ರೆ ಮನೆಮಂದಿ, ಸಾಮಾನು ಎಲ್ಲ ತುಂಬುವ ಸ್ಟೇಷನ್ ವ್ಯಾಗನ್! ಮೈಯೆಲ್ಲ ಫೈಬರ್‌ಗ್ಲಾಸ್. ಹೆಸರು ನೊಮ್ಯಾಡ್, ಅಂದ್ರೆ ಅಲೆಮಾರಿ. ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲೆ ಅರ್ಲ್ ಕಾಲದ ಕಲ್ಪನೆ ಇದು.

ಜನ ಮೆಚ್ಚಿದರು. ಕಂಪನಿ ತಡಮಾಡಲಿಲ್ಲ. ಆ ಚಾವಣಿಯ ಅಂದವನ್ನು ಉಕ್ಕಿನ ಶೆವ್ರೊಲೆ ಬೆಲ್ ಏರ್ ಮೇಲೆ ಕೂರಿಸಿ 1955ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಸಲಿ ಕಥೆ ಶುರುವಾಗಿದ್ದೇ ಆಗ. ಬೇರೆ ವ್ಯಾಗನ್‌ಗಳಿಗಿಂತ ಬೆಲೆ ಜಾಸ್ತಿ. ಬಾಗಿಲು ಎರಡೇ, ಹಿಂದಿನ ಸೀಟಿಗೆ ಮಕ್ಕಳನ್ನು ಹತ್ತಿಸೋದೇ ಕಷ್ಟ. ಹಿಂಬಾಗಿಲ ಸಂದಿಯಿಂದ ಮಳೆನೀರು ಒಳಗೆ! ಗಿರಾಕಿಗಳು ಕಡಿಮೆಯಾದರು. 1957ರ ಮಾದರಿಗೇ ಎರಡು ಬಾಗಿಲಿನ ನೊಮ್ಯಾಡ್ ಕಥೆ ಮುಗೀತು. ಮುಂದಿನ ವರ್ಷ ಆ ಹೆಸರು ನಾಲ್ಕು ಬಾಗಿಲಿನ ವ್ಯಾಗನ್‌ಗೆ ಹೋಯ್ತು.

ನನಗನಿಸೋದು ಇಷ್ಟೇ. ಪ್ರದರ್ಶನದಲ್ಲಿ ನಾವು ಕಣ್ಣಿನಿಂದ ನೋಡ್ತೀವಿ. ಕೊಳ್ಳುವಾಗ ಹೆಂಡತಿ-ಮಕ್ಕಳು, ಮಳೆ, ಜೇಬು ಎಲ್ಲ ಲೆಕ್ಕ ಹಾಕ್ತೀವಿ. ಮನುಷ್ಯ ಒಬ್ಬನೇ, ತೀರ್ಪು ಮಾತ್ರ ಬೇರೆ. ಇವತ್ತು ಹಳೇ ಕಾರು ಸಂಗ್ರಹಿಸುವವರಿಗೆ ಅದೇ ನೊಮ್ಯಾಡ್ ಬೇಕು. ಅವರು ಅದನ್ನು ಮಳೆಯಲ್ಲಿ ಹೊರಗೆ ತೆಗೆಯೋದಿಲ್ಲವಲ್ಲ!